ಹುಲಿಯಪ್ಪ ಪಾದ್ರಿಗಳ ಎಡೆ

ನನ್ನ ತಮ್ಮ ಹುಲಿಯಪ್ಪ ತೀರಿಕೊಂಡ ಸುದ್ದಿ ನಮ್ಮ ಮನೆಗೆ ಬಂದದ್ದು ಒಂದು ಶುಕ್ರವಾರ. ಶರಾವತಿಗೆ ಕಟ್ಟೆ ಕಟ್ಟಿ, ನೀರು ನಿಂತ ಮರುವರ್ಷದ ಫಾಲ್ಗುಣ ಅದು. ನಾನು ಕಾನಿನಿಂದ ಒಣಗಿದ ಎಲೆಯ ದರಗು ಹೊತ್ತು ತಂದು ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದೆ. ಒಬ್ಬ ಮನುಷ್ಯ ಸೈಕಲ್ಲು ತಳ್ಳಿಕೊಂಡು ದರೆ ಇಳಿದು ಬಂದ. ಅವನು ಇಗರ್ಜಿಯ ಉಪದೇಶಿ, ಪಾದ್ರಿಗಳ ಕೈಕೆಳಗೆ ಊರೂರು ತಿರುಗಿ ಜಪ ಕಲಿಸುವವನು.

"ನಾಗರಾಜಪ್ಪೋರು ನೀವೇಯಾ? ಗ್ರೆಗರಿ ಸ್ವಾಮಿಗಳ ಅಣ್ಣ?" ಎಂದ.

"ಹೌದು," ಎಂದೆ.

ಅವನು ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸ್ವಾಮಿಗಳು ದೇವರ ಪಾದ ಸೇರಿದ್ರು. ಎದೆನೋವು ಬಂದಿದ್ದೇ ನೆಪ. ಹಳೇ ದಾರಿ ನೀರಲ್ಲಿ ಮುಳುಗಿದ್ದಕ್ಕೆ ಸುತ್ತು ಹಾಕಿ ಬರೋ ಹೊತ್ತಿಗೆ ತಡ ಆಯ್ತು. ನಿನ್ನೆ ಮಣ್ಣು ಕೊಟ್ರು."

"ಯಾವ ಸ್ವಾಮಿಗಳು?" ಎಂದು ನಾನು ಕೇಳಿದೆ. ಈಗಷ್ಟೇ ಹೌದೆಂದವನು ನಾನೇ. ಗ್ರೆಗರಿ ಎಂಬ ಹೆಸರಿನವನು ಸತ್ತನೆಂಬುದು ಕಿವಿಗೆ ಬಿತ್ತು; ಹುಲಿಯ ಸತ್ತನೆಂಬುದು ಒಳಗೆ ಇಳಿಯಲಿಲ್ಲ. ಉಪದೇಶಿ ನನ್ನ ಮುಖ ನೋಡಿ, "ನಿಮ್ಮ ತಮ್ಮ," ಎಂದ. ಆಗ ನಾನು ಗುಂಡಿಯ ಅಂಚಿನಲ್ಲೇ ಕುಳಿತೆ.

ನಮ್ಮದು ನಿಟ್ಟೂರಿನ ಹತ್ತಿರದ ಒಂದು ಕೇರಿ. ಗೇಣಿಗೆ ಗದ್ದೆ ಮಾಡುವ ದೀವರ ಮನೆತನ. ಹುಲಿಯ ಹುಡುಗನಾಗಿದ್ದಾಗ ಚಳಿಜ್ವರದಲ್ಲಿ ಬದುಕುವ ಆಸೆಯೇ ಹೋಗಿತ್ತು. ಘಟ್ಟದ ಕೆಳಗಿನಿಂದ ಬಂದಿದ್ದ ಒಬ್ಬ ಮುದುಕ ಪಾದ್ರಿ ಔಷಧ ಕೊಟ್ಟು ಉಳಿಸಿದರು. ಆಮೇಲೆ ಅವರೇ ಓದಿಸುತ್ತೇನೆಂದು ಮಂಗಳೂರಿಗೆ ಕರೆದುಕೊಂಡು ಹೋದರು. ಅಪ್ಪ ಒಪ್ಪಿದ. ಓದಿ ಬರುತ್ತಾನೆಂದುಕೊಂಡಿದ್ದೆವು, ಗ್ರೆಗರಿ ಎಂಬ ಹೆಸರಿನ ಪಾದ್ರಿಯಾಗಿಯೇ ಬಂದ. ಅಪ್ಪ ಅವನೊಡನೆ ಮಾತಾಡದೆಯೇ ಸತ್ತ. ಅವ್ವ ಮಾತ್ರ, "ಬದುಕಿ ಬಂದ್ನಲ್ಲ, ಬಿಳಿ ನಿಲುವಂಗಿ ಹಾಕ್ಕೊಂಡ್ರೆ ಎಂತ ಹೋಯ್ತು," ಎಂದು ಅವನ ಸ್ನಾನಕ್ಕೆ ನೀರು ಕಾಯಿಸಿದಳು.

ಅವನು ಬಹಳ ವರ್ಷ ಪಾದ್ರಿಗಳಾಗುವವರಿಗೆ ಪಾಠ ಹೇಳುವ ಮಠದಲ್ಲಿದ್ದ. ಅವರ ಧರ್ಮದ ಹಳೆಯ ಆಚಾರ್ಯರ ಚರಿತ್ರೆ ಅವನ ವಿದ್ಯೆ. ವಯಸ್ಸಾದ ಮೇಲೆ ಕೇಳಿಕೊಂಡು ತೀರ್ಥಹಳ್ಳಿಯ ದಾರಿಯ ಒಂದು ಸಣ್ಣ ಇಗರ್ಜಿಗೆ ಬಂದ. ಅಲ್ಲಿಂದ ಎರಡು ಮೂರು ತಿಂಗಳಿಗೊಮ್ಮೆ, ಹೆಚ್ಚಾಗಿ ಬುಧವಾರ, ಅವ್ವನನ್ನು ನೋಡಲು ಬರುತ್ತಿದ್ದ. ಅವ್ವ ಕೋಳಿ ಬೇಯಿಸುತ್ತಿದ್ದಳು. ಅವನು ಜಗಲಿಯಲ್ಲಿ ಕುಳಿತು ಉಂಡು, ಎಲೆಯಡಿಕೆ ಹಾಕಿಕೊಂಡು, ಆ ಆಚಾರ್ಯರ ಕತೆಗಳನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ನಾನೂ ಪುರಾಣ ಓದುವವನು. ಅವರ ಪುರಾಣವೂ ಕೇಳಲು ಚೆನ್ನಾಗಿತ್ತು. ದೊರೆಯನ್ನೇ ದೇವಸ್ಥಾನದ ಬಾಗಿಲಲ್ಲಿ ತಡೆದ ಅಂಬ್ರೋಸರ ಕತೆ, ಪೋಲಿ ತಿರುಗಿ ಕೊನೆಗೆ ದೊಡ್ಡ ಆಚಾರ್ಯರಾದ ಅಗಸ್ಟೀನರ ಕತೆ, ಆ ಮಗ ದಾರಿಗೆ ಬರಲೆಂದು ಅತ್ತು ಅತ್ತು ಹಿಂದೆ ಬಿದ್ದ ಅವರ ತಾಯಿ ಮೋನಿಕಮ್ಮನ ಕತೆ. ಅವ್ವನಿಗೆ ಮೋನಿಕಮ್ಮ ಎಂದರೆ ಪ್ರಾಣ. ಆ ತಾಯಿ ತನ್ನ ಊರಿನಲ್ಲಿದ್ದಾಗ ಗಂಜಿ, ರೊಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಸತ್ತ ಸಂತರ ಗೋರಿಗೆ ಹೋಗಿ ಇಡುತ್ತಿದ್ದಳೆಂದು ಹುಲಿಯ ಹೇಳಿದ ದಿನ ಅವ್ವ ಚಪ್ಪಾಳೆ ತಟ್ಟಿ, "ಹಂಗಾರೆ ನಿಮ್ಮೋರೂ ಎಡೆ ಇಡ್ತಾರೆ! ನಾ ಎಂತಕ್ಕೆ ಹೆದರ್ಕಂಡಿದ್ನೋ," ಎಂದಿದ್ದಳು.

ಎಡೆಯೆಂದರೆ ನಮ್ಮಲ್ಲಿ ಸತ್ತವರಿಗೆ ಕೊಡುವ ಊಟ. ಅವರಿಗೆ ಇಷ್ಟವಾದದ್ದನ್ನು ಬೇಯಿಸಿ, ಎಲೆಯಲ್ಲಿ ಬಡಿಸಿ, ಅವರ ಬಟ್ಟೆಯೊಂದನ್ನು ಮಣೆಯ ಮೇಲಿಟ್ಟು, ಬಾಗಿಲು ಹಾಕಿ ಹೊರಗೆ ಕಾಯುತ್ತೇವೆ. ಉಂಡು ಹೋಗಲೆಂದು. ಎಡೆಯಿಲ್ಲದವರು ಹಸಿದು ಅಲೆಯುತ್ತಾರೆಂದು ನಮ್ಮ ಹಿರಿಯರು ನಂಬಿದ್ದರು. ನಾನೂ ನಂಬಿದವನೇ.

ಸುದ್ದಿ ಕೇಳಿ ಅವ್ವ ಅಳಲಿಲ್ಲ. ಕಂಬಕ್ಕೆ ಒರಗಿ ಕುಳಿತು, "ಅವಂಗೆ ಎಡೆ ಯಾವತ್ತು?" ಎಂದು ಕೇಳಿದಳು.

ಅಲ್ಲಿಂದ ನನ್ನ ತಲೆ ಕೆಟ್ಟದ್ದು. ಮೊದಲಿಗೆ, ನಮಗೆ ಸೂತಕ ಉಂಟೋ ಇಲ್ಲವೋ ಗೊತ್ತಾಗಲಿಲ್ಲ. ಸ್ನಾನವನ್ನಂತೂ ಮಾಡಿದೆ. ಕೇರಿಯ ಹಿರಿಯ ಸುಬ್ಬಪ್ಪನನ್ನು ಕೇಳಿದೆ. ಒಳ್ಳೆಯವನು, ಆದರೆ ಬಾಯಿ ಚುರುಕು.

"ಅವ ಜಾತಿ ಬಿಟ್ಟ ದಿನವೇ ನೀವು ಎಳ್ಳುನೀರು ಬಿಡ್ಬೇಕಿತ್ತು ಮಾರಾಯ. ಆಗ ಬಿಡ್ಲಿಲ್ಲ, ಈಗ ಎಂತ ಕೇಳ್ತಿ?"

"ಎಡೆ ಇಡಬಹುದಾ ಅಂತ ಕೇಳಿದೆ."

"ಮದುವೆ ಆಗದವ. ಮಕ್ಕಳಿಲ್ಲ. ಹಿರಿಯರ ಸಾಲಿಗೆ ಹ್ಯಾಂಗೆ ಕೂರಿಸ್ತಿ? ನಿನ್ನಪ್ಪನ ಪಕ್ಕಕ್ಕಾ? ನಿನ್ನಪ್ಪ ಎದ್ದು ಹೋಗ್ತಾನೆ, ನೋಡು ಬೇಕಾರೆ." ಆಮೇಲೆ ದನಿ ತಗ್ಗಿಸಿ, "ಅವರ ದೇವರು ಬಿಡ್ತಾನೋ ಇಲ್ವೋ, ಅದನ್ನಾದ್ರೂ ಕೇಳ್ಕಂಡು ಬಾ. ಕರೆದು ಬಾರದೆ ಹೋದ್ರೆ ಎಲೆ ತಣ್ಣಗಾಗ್ತದೆ," ಎಂದ.

ಅದು ಹಾಸ್ಯವೋ ನಿಜವೋ ನನಗೆ ತಿಳಿಯಲಿಲ್ಲ. ಮನೆಗೆ ಬಂದರೆ ಹೆಂಡತಿ ಯಮುನಮ್ಮ ಇನ್ನೊಂದು ಹೇಳಿದಳು: ಅವ್ವ ಅನ್ನ ಮುಟ್ಟುತ್ತಿಲ್ಲ. ಮಜ್ಜಿಗೆ ಕುಡಿಯುತ್ತಾಳೆ, ಅಷ್ಟೇ. "ಮಗ ಉಣ್ಣದೆ ನಾ ಹ್ಯಾಂಗೆ ಉಣ್ಲಿ" ಎನ್ನುತ್ತಾಳೆ. ಅವ್ವನಿಗೆ ಎಂಬತ್ತು ದಾಟಿತ್ತು. ಮಜ್ಜಿಗೆಯಲ್ಲಿ ಎಷ್ಟು ದಿನ ಹಿಡಿದೀತು ಆ ಜೀವ?

ನಾನು ನಗರ ಎಂಬ ಊರಿನ ಮೇಲೆ ಹೋಗುವ ಬಸ್ಸು ಹತ್ತಿ ಆ ಇಗರ್ಜಿಗೆ ಹೋದೆ. ಹಿಂದುಗಡೆ ಗೋರಿಗಳ ಸಾಲು. ಕೊನೆಯದು ಹುಲಿಯನದು, ಕೆಂಪು ಜಂಬುಮಣ್ಣಿನ ಹಸಿ ದಿಬ್ಬ, ತಲೆಯ ಕಡೆ ಮರದ ಶಿಲುಬೆ. ನಾನು ಅದರ ಮುಂದೆ ನಿಂತೆ. ಕೈ ಮುಗಿಯಬೇಕೋ, ಅವನು ನನಗಿಂತ ಚಿಕ್ಕವನಾದ್ದರಿಂದ ಮುಗಿಯಬಾರದೋ, ಪಾದ್ರಿಯಾದ್ದರಿಂದ ಮುಗಿಯಬೇಕೋ, ಅದೂ ತಿಳಿಯಲಿಲ್ಲ. ಕೊನೆಗೆ ಬಗ್ಗಿ ಮಣ್ಣನ್ನು ಒಮ್ಮೆ ತಟ್ಟಿದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಬೆನ್ನು ತಟ್ಟುತ್ತಿದ್ದ ಹಾಗೆ.

ಅಲ್ಲಿ ಈಗ ಇರುವವರು ಫಾದರ್ ಪಾಸ್ಕಲ್. ಮಂಗಳೂರು ಕಡೆಯ ಹುಡುಗ, ಇನ್ನೂ ಮೂವತ್ತಾಗಿರಲಿಕ್ಕಿಲ್ಲ. ನನಗೆ ಕುರ್ಚಿ ಹಾಕಿಸಿ, ಕಾಫಿ ಕೊಟ್ಟು, "ನಿಮ್ಮ ತಮ್ಮನವರು ನನ್ನ ಗುರುಗಳು. ಮಠದಲ್ಲಿ ನನಗೆ ಪಾಠ ಹೇಳಿದವರು," ಎಂದರು. ಹೇಳುವಾಗ ಅವರ ಕಣ್ಣು ತುಂಬಿತು. ನನಗೆ ಅವರ ಮೇಲೆ ಪ್ರೀತಿ ಬಂತು. ವಿಷಯ ಹೇಳಿದೆ. ಎಡೆಗೆ ಹುಲಿಯನ ಬಟ್ಟೆಯೊಂದು ಬೇಕೆಂದೂ ಹೇಳಿದೆ.

"ಅದಾಗುವುದಿಲ್ಲ, ನಾಗರಾಜಪ್ಪನವರೇ. ನಾವು ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತೇವೆ, ಪೂಜೆ ಅರ್ಪಿಸುತ್ತೇವೆ. ಊಟ ಇಡುವುದಿಲ್ಲ."

"ಮೋನಿಕಮ್ಮ ಇಡುತ್ತಿದ್ದರಲ್ಲ? ಹುಲಿಯನೇ ಹೇಳಿದ್ದು."

ಅವರ ಮುಖ ಅರಳಿತು. "ಹೌದು! ನಮಗೂ ಅವರೇ ಹೇಳಿದ್ದು. ಆದರೆ ಆಮೇಲೆ ಏನಾಯಿತೆಂದು ಹೇಳಲಿಲ್ಲವೇ? ಆಕೆ ಮಗನ ಹಿಂದೆ ಮಿಲಾನ್ ಪಟ್ಟಣಕ್ಕೆ ಹೋದಳು. ಅಲ್ಲಿಯೂ ಬುಟ್ಟಿ ತೆಗೆದುಕೊಂಡು ಗೋರಿಗೆ ಹೋದಾಗ ಬಾಗಿಲು ಕಾಯುವವನು ತಡೆದ. ಅಂಬ್ರೋಸರು ನಿಷೇಧಿಸಿದ್ದರು. ಅವರು ಅಲ್ಲಿನ ಬಿಷಪರು. ಆಕೆ ಒಂದು ಮಾತೂ ಆಡದೆ ಹಿಂದಿರುಗಿದಳು. ಮತ್ತೆ ಒಯ್ಯಲಿಲ್ಲ. ಬುಟ್ಟಿಯ ಬದಲು ಪ್ರಾರ್ಥನೆ ಒಯ್ದಳು, ಉಳಿದದ್ದನ್ನು ಬಡವರಿಗೆ ಕೊಟ್ಟಳು. ಆಕೆಯ ದೊಡ್ಡತನ ಇರುವುದೇ ಅಲ್ಲಿ."

"ಅಂಬ್ರೋಸರು ಯಾಕೆ ನಿಷೇಧಿಸಿದರು?"

"ಕೆಲವರು ಗೋರಿಯ ಹತ್ತಿರ ಕುಡಿದು ಗಲಾಟೆ ಮಾಡುತ್ತಿದ್ದರು. ಅಲ್ಲದೆ ಅದು ಅನ್ಯಧರ್ಮದವರು ಸತ್ತವರಿಗೆ ಮಾಡುವ..." ಎಂದವರು ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಕಿವಿ ಕೆಂಪಾಯಿತು.

"ಅನ್ಯಧರ್ಮದವರು ಎಂದರೆ ನಾವೇ ಅಲ್ಲವೇ ಸ್ವಾಮಿ. ಹೇಳಿ, ಬೇಸರವಿಲ್ಲ," ಎಂದೆ. ನಿಜವಾಗಿಯೂ ಬೇಸರವಿರಲಿಲ್ಲ. ನನಗಾದದ್ದು ಬೇರೆಯದೇ ಗಲಿಬಿಲಿ. ಈ ಹುಡುಗನಿಗೆ ಪೂರ್ತಿ ಹೇಳಿದ ಹುಲಿಯ ನಮ್ಮವ್ವನಿಗೆ ಅರ್ಧ ಮಾತ್ರ ಹೇಳಿದ್ದ. ಯಾಕೆ? ಅವಳ ಸಂತೋಷ ಕೆಡಬಾರದೆಂದೋ? ಅಥವಾ ತಾನು ಸತ್ತರೆ ಎಡೆ ಇಡಲೆಂಬ ಆಸೆ ಅವನಲ್ಲೇ ಉಳಿದಿತ್ತೋ? ಅವನು ಯಾರಿಗೆ ನಿಜ ಹೇಳಿದ, ಶಿಷ್ಯನಿಗೋ ತಾಯಿಗೋ? ಬರುವಾಗ ಎಡೆ ಇಡಬಹುದೇ ಎಂಬ ಒಂದೇ ಪ್ರಶ್ನೆ ಇತ್ತು. ಈಗ ನನ್ನ ತಮ್ಮ ಯಾರೆಂಬುದೇ ತಿಳಿಯದಾಯಿತು.

ಫಾದರ್ ಪಾಸ್ಕಲ್ ಒಳಗೆ ಹೋಗಿ ಒಂದು ಹಳೆಯ ಶಾಲು ತಂದು ಕೊಟ್ಟರು. ಹುಲಿಯ ಚಳಿಗಾಲದಲ್ಲಿ ಹೊದೆಯುತ್ತಿದ್ದುದು. "ನೆನಪಿಗೆ ಇಟ್ಟುಕೊಳ್ಳಿ. ಎಡೆಗಲ್ಲ," ಎಂದರು. "ನಿಮ್ಮ ತಾಯಿಯವರು ಊಟ ಬಿಟ್ಟಿದ್ದಾರೆ ಎಂದಿರಲ್ಲ, ಅವರಿಗೆ ಮೋನಿಕಮ್ಮನ ಕತೆ ಪೂರ್ತಿ ಹೇಳಿ ನೋಡಿ. ಅರ್ಥಮಾಡಿಕೊಳ್ಳುತ್ತಾರೆ," ಎಂದು ಬಸ್ಸಿನವರೆಗೆ ಬಂದರು.

ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ತೂಗಿದೆ. ಹೇಳದಿದ್ದರೆ ಎಡೆ ಇಟ್ಟು ಹುಲಿಯನ ವ್ರತಕ್ಕೆ ಅಪಚಾರ ಮಾಡಿದಂತೆ. ಹೇಳಿದರೆ, ಮಗನೇ ತನಗೆ ಅರ್ಧ ಕತೆ ಹೇಳಿ ನಂಬಿಸಿದನೆಂದು ಅವ್ವನ ಎದೆ ಒಡೆಯಬಹುದು. ಕೊನೆಗೆ ಹೇಳಿದೆ. ನನಗೆ ಸುಳ್ಳು ಹೊತ್ತು ಮನೆಯಲ್ಲಿ ತಿರುಗುವ ಶಕ್ತಿ ಇರಲಿಲ್ಲ.

ಅವ್ವ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಬಾಗಿಲು ಕಾಯುವವನು ತಡೆದದ್ದು, ಆ ತಾಯಿ ಹಿಂದಿರುಗಿದ್ದು, ಎಲ್ಲ.

"ಆಕೆ ಗಂಜಿ ಒಯ್ತಿದ್ದುದು ಯಾರಿಗೆ?"

"ಸತ್ತ ಸಂತರಿಗಂತೆ, ಅವ್ವ."

"ಆಕೆ ಮಗ ಎಲ್ಲಿದ್ದ?"

"ಅದೇ ಊರಲ್ಲಿದ್ದ. ಪಾಠ ಹೇಳ್ತಿದ್ದ."

"ಬದುಕಿದ್ದ."

"ಹೌದು."

"ಹಂಗಾರೆ ಬಿಟ್ಲು. ಮಗ ಮನೇಲಿ ಬಿಸಿಬಿಸಿ ಉಣ್ತಿದ್ರೆ ಊರವರ ಗೋರಿಗೆ ಬೇಡ ಅಂದ್ರೆ ಯಾರಾದ್ರೂ ಬಿಡ್ತಾರೆ. ಮಗ ಮಣ್ಣಲ್ಲಿದ್ದಿದ್ರೆ ಆ ಬಾಗಿಲು ಕಾಯೋನ ಜುಟ್ಟು ಹಿಡೀತಿದ್ಲು." ಅವಳು ಶಾಲಿನ ಅಂಚನ್ನು ಸವರುತ್ತಾ ಇದ್ದಳು. "ಹುಲಿಯ ಪೂರ್ತಿ ಹೇಳ್ತಿದ್ನೋ ಏನೋ. ನಾನೇ ಬಾಯಿ ಹಾಕ್ದೆ. ಅವ ಮಾತಾಡಕ್ಕೆ ನಾ ಎಲ್ಲಿ ಬಿಟ್ಟೆ."

ಅದಕ್ಕೆ ಉತ್ತರ ಅಂಬ್ರೋಸರಲ್ಲಿ ಇತ್ತೋ ಏನೋ. ನಾನು ಎಡೆ ಇಡುವುದೆಂದು ನಿಶ್ಚಯಿಸಿದೆ. ಸರಿಯೆಂದು ಅಲ್ಲ, ಅವ್ವ ಉಣ್ಣಬೇಕೆಂದು. ಸುಬ್ಬಪ್ಪನಿಗೆ ಹೇಳಿದಾಗ, "ಹಿರಿಯರ ಕೋಣೇಲಿ ಬೇಡ. ಚಾವಡಿಯಲ್ಲಿ ಇಡು, ಬಂದೋರು ಕೂರೋ ಜಾಗ ಅದು. ಯಾರೂ ಎದ್ದು ಹೋಗೋದಿಲ್ಲ," ಎಂದ. ಅವನೇ ಬಾಳೆಯೆಲೆ ತಂದ.

ಕಾರ್ಯದ ದಿನವೂ ಶುಕ್ರವಾರವೇ ಬಿತ್ತು. ನಮ್ಮ ಮನೆಯಲ್ಲಿ ಸೋಮವಾರ ಮಾಂಸ ಬೇಯುವುದಿಲ್ಲ. ಶುಕ್ರವಾರಕ್ಕೆ ಅಂಥ ಕಟ್ಟುಪಾಡಿಲ್ಲ. ಯಮುನಮ್ಮ ಹುಲಿಯನಿಗೆ ಇಷ್ಟವೆಂದು ಕೋಳಿಸಾರು ಮಾಡಿದಳು, ಅಕ್ಕಿ ಕಡುಬು ಮಾಡಿದಳು. ಚಾವಡಿಯಲ್ಲಿ ಮಣೆ ಹಾಕಿ ಶಾಲು ಇಟ್ಟೆವು. ಎಲೆಗೆ ಬಡಿಸುತ್ತಿರುವಾಗ ನಾಯಿ ಬೊಗಳಿತು. ಅಂಗಳದಲ್ಲಿ ಫಾದರ್ ಪಾಸ್ಕಲ್ ನಿಂತಿದ್ದರು, ಹಿಂದೆ ಉಪದೇಶಿ. ಬಿಸಿಲಲ್ಲಿ ನಡೆದು ನಿಲುವಂಗಿಗೆಲ್ಲ ಧೂಳು ಹತ್ತಿತ್ತು.

"ಗುರುಗಳ ತಾಯಿಯವರನ್ನು ನೋಡಿ, ಒಂದು ಪ್ರಾರ್ಥನೆ ಹೇಳಿ ಹೋಗೋಣವೆಂದು..." ಎನ್ನುತ್ತಾ ಮೆಟ್ಟಿಲು ಹತ್ತಿದವರು ಎಲೆ ನೋಡಿದರು. ಶಾಲು ನೋಡಿದರು. ಎಡೆಗಲ್ಲವೆಂದ ಮಾತು ಮೀರಿದೆನೆಂದು ಬೈಯುತ್ತಾರೆ, ಶಾಲು ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡೆ. ಯಮುನಮ್ಮ ಸೌಟು ಹಿಡಿದು ನಿಂತುಬಿಟ್ಟಳು.

"ಇದೇನು, ಕೋಳಿಯೇ?" ಎಂದರು ಅವರು. "ಇವತ್ತು ಶುಕ್ರವಾರ! ಅದೂ ತಪಸ್ಸಿನ ಕಾಲ, ನಮಗೆ ಉಪವಾಸದ ದಿನಗಳು. ಗುರುಗಳು ಶುಕ್ರವಾರ ಮಾಂಸ ಮುಟ್ಟುವವರಲ್ಲ!"

ಮೊದಲು ಅರ್ಥವಾದದ್ದು ಅವ್ವನಿಗೆ.

"ಕೇಳ್ದ್ಯಾ ಯಮುನ? ಅವ ತಿನ್ನೋದಿಲ್ವಂತೆ. ಸ್ವಾಮಿಗೆ ಗೊತ್ತು. ತೆಗಿ ಅದನ್ನ, ತೆಗಿ, ಎಲೆ ಬದಲು ಮಾಡು. ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ, ಅವ ಬರ್ತಿದ್ದುದು ಬುಧವಾರ."

ಫಾದರ್ ಪಾಸ್ಕಲರಿಗೆ ತಾವು ಆಡಿದ ಮಾತು ಆಮೇಲೆ ತಿಳಿಯಿತು. ಊಟವೇ ಬೇಡವೆಂದು ಹೇಳಬೇಕಾದವರು ಊಟದಲ್ಲಿ ತಪ್ಪು ಹುಡುಕಿಬಿಟ್ಟಿದ್ದರು. ಸತ್ತವನು ಉಣ್ಣುವುದಿಲ್ಲವೆಂಬುದು ಅವರ ಧರ್ಮ. ಶುಕ್ರವಾರ ಉಣ್ಣುವುದಿಲ್ಲವೆಂಬುದು ಅವರ ಪ್ರೀತಿ. ಎರಡರ ನಡುವೆ ಆ ಹುಡುಗ ಮೆಟ್ಟಿಲಿನ ಮೇಲೆ ಹಾಗೆಯೇ ನಿಂತಿದ್ದ. ಸುಬ್ಬಪ್ಪ ಮಾತ್ರ ಸುಮ್ಮನಿರದೆ, "ಸತ್ತ ಮೇಲೂ ಉಪವಾಸವೇನ್ರೀ ಸ್ವಾಮಿ ನಿಮ್ಮಲ್ಲಿ? ಪಾಪ, ಭಾರೀ ಕಷ್ಟ," ಎಂದ.

"ಮೀನಾದ್ರೂ ಆಗ್ತದಾ?" ಎಂದು ಅವ್ವ ಕೇಳಿದಳು. ಅವರನ್ನೇ, ನೇರವಾಗಿ, ದೊಡ್ಡ ವೈದ್ಯರನ್ನು ಪಥ್ಯ ಕೇಳುವ ಹಾಗೆ.

ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಅವರಿಗೆ ಏನು ಸಹಾಯ ಸಿಕ್ಕೀತು? "ಮೀನು... ಮೀನು ಆಗುತ್ತದೆ, ಅಮ್ಮ," ಎಂದರು.

ಯಮುನಮ್ಮ ಒಣಮೀನು ಸುಟ್ಟಳು. ಹೊಸ ಎಲೆಗೆ ಗಂಜಿ, ಮೀನು, ಮಾವಿನಮಿಡಿ ಬಡಿಸಿದಳು. ನಾವೆಲ್ಲ ಹೊರಗೆ ಬಂದು ಚಾವಡಿಯ ಬಾಗಿಲು ಹಾಕಿದೆವು. ಫಾದರ್ ಪಾಸ್ಕಲ್ ಹೊರಟು ಹೋಗಲಿಲ್ಲ. ನಮ್ಮ ಜೊತೆ ಅಂಗಳದಲ್ಲಿ, ಹಲಸಿನ ಮರದ ನೆರಳಿನಲ್ಲಿ ನಿಂತು ಜಪಮಾಲೆ ತಿರುಗಿಸುತ್ತಿದ್ದರು. ಅವರು ಪ್ರಾರ್ಥಿಸುತ್ತಿದ್ದರೋ, ನಮ್ಮ ಹಾಗೆ ಕಾಯುತ್ತಿದ್ದರೋ, ನಾನು ಹೇಳಲಾರೆ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಬಾಗಿಲು ತೆಗೆದಾಗ ಎಲೆಯಲ್ಲಿ ಏನೂ ಕದಲಿರಲಿಲ್ಲ. ನನಗೆ ಕಂಡದ್ದು ಅಷ್ಟು. ಅವ್ವ ಬಗ್ಗಿ ನೋಡಿ, "ಉಂಡ," ಎಂದಳು. ಎಲೆಯ ಪಕ್ಕದಲ್ಲೇ ಕುಳಿತು ಗಂಜಿ ಹಾಕಿಸಿಕೊಂಡಳು. ಮೊದಲ ತುತ್ತಿಗೆ ಅಳು ಬಂತು. ಸುದ್ದಿ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಳುತ್ತಲೇ ಉಂಡಳು. ಫಾದರ್ ಪಾಸ್ಕಲ್ ಲ್ಯಾಟಿನ್ನಿನಲ್ಲಿ ಏನೋ ಶುರುಮಾಡಿದವರು ನಿಲ್ಲಿಸಿ, "ಈಗ ನಿಮ್ಮ ಮಾತಿನಲ್ಲೂ ಹೇಳಬಹುದೆಂದು ರೋಮಿನಿಂದ ಅಪ್ಪಣೆ ಬಂದಿದೆ," ಎಂದು ಕನ್ನಡದಲ್ಲಿ ಹೇಳತೊಡಗಿದರು. ಹೊಸ ಮಾತುಗಳು, ನಡುನಡುವೆ ತಡವರಿಸಿದರು. ಅವರು ಮುಗಿಸಿ ನನ್ನ ಕಡೆ ನೋಡಿದರು, ಅಣ್ಣನಾದವನು ಒಂದು ಮಾತು ಹೇಳಲೆಂಬಂತೆ.

ಅದು ಆಚಾರವೋ ಅನಾಚಾರವೋ ಇಂದಿಗೂ ನನಗೆ ತಿಳಿದಿಲ್ಲ. ಮೋನಿಕಮ್ಮನೂ ಅಂಬ್ರೋಸರೂ ಎಲ್ಲಿದ್ದಾರೋ, ನಮ್ಮನ್ನು ನೋಡಿ ಏನೆಂದರೋ. ನಾನು ಕೈ ಮುಗಿದು ಹೇಳಿದ್ದು ಇಷ್ಟು:

ನನ್ನ ಮನೆದೇವರೇ, ಹುಲಿಯ ನಂಬಿದ ಏಸುಸ್ವಾಮಿಯೇ, ಈ ಮಾತನ್ನು ನಿಮ್ಮಲ್ಲಿ ಯಾರಿಗೆ ಹೇಳಬೇಕೋ ಅರಿಯೆ, ಕೇಳಿಸಿಕೊಂಡವರು ನಡೆಸಿಕೊಡಿ. ನನ್ನ ತಮ್ಮ ಯಾರ ಮನಸ್ಸನ್ನೂ ನೋಯಿಸದೆ ಎರಡು ಮನೆಗಳಿಗೆ ಓಡಾಡಿ ದಣಿದವನು. ಅವನನ್ನು ಇನ್ನು ನಡೆಸಬೇಡಿ, ಯಾವ ಪ್ರಶ್ನೆಯನ್ನೂ ಕೇಳಬೇಡಿ. ಹಸಿವು ಬಾಯಾರಿಕೆ ಅವನ ಹತ್ತಿರ ಸುಳಿಯದಿರಲಿ. ನಾವು ತಪ್ಪು ಮಾಡಿದ್ದರೆ ಅದು ನಮ್ಮ ಮೇಲಿರಲಿ, ಅವನ ನಿದ್ದೆಯನ್ನು ಮುಟ್ಟದಿರಲಿ. ಅವನಿಗೆ ಶಾಂತಿ ಕೊಡಿ.